ಆರು ಪೈಸೆಯ ಧ್ಯಾನ

ನಮ್ಮನೆಯಲ್ಲಿ ಅದಕ್ಕೆ ಧ್ಯಾನ ಅನ್ನುತ್ತಿರಲಿಲ್ಲ. ದನಕ್ಕೆ ಹುಲ್ಲು ಹಾಕೋದು ಅಂದ ಹಾಗೆ 'ಲಿಂಗಕ್ಕೆ ಕೂರೋದು' ಅನ್ನುತ್ತಿದ್ದರು. 1967ರಲ್ಲಿ ದೀಕ್ಷೆಯಾದಾಗ ನನಗೆ ಎಂಟು ವರ್ಷ. ಮಿಂದು ಬಂದ ಕೂಡಲೇ ಅಜ್ಜಿ ನಡುಮನೆಯಲ್ಲಿ ಮಣೆ ಹಾಕಿ, ಹಣೆಗೆ ಮೂರು ಬೆರಳ ಈಬೂತಿ ಎಳೆದು, ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಗೆ ಇಡುತ್ತಿದ್ದಳು.

ಹಣತೆಯ ಬೆಳಕು ಲಿಂಗದ ಕರಿ ಕಂತಿಯ ಮೇಲೆ ಸಾಸಿವೆಕಾಳಿನಷ್ಟು ಚುಕ್ಕಿಯಾಗಿ ಹೊಳೆಯುತ್ತಿತ್ತು. ಅದನ್ನೇ ನೋಡುತ್ತ ನೂರೆಂಟು ಸಲ 'ಓಂ ನಮಃ ಶಿವಾಯ' ಅನ್ನಬೇಕು, ಅಷ್ಟೇ ಪಾಠ. ಕೈ ಅಲ್ಲಾಡಿದರೆ ಚುಕ್ಕಿಯೂ ಅಲ್ಲಾಡುತ್ತಿತ್ತು. 'ಅಲ್ಲಾಡ್ಬ್ಯಾಡ ಮೊಗ, ಚುಕ್ಕಿ ಓಡೋಯ್ತದ' ಎಂದು ಅಜ್ಜಿ ಹಿಟ್ಟು ತೊಳಸುತ್ತಲೇ ಒಲೆಯ ಮುಂದಿನಿಂದ ಕೂಗುತ್ತಿದ್ದಳು. ಈಬೂತಿ, ಹರಳೆಣ್ಣೆ ಬತ್ತಿ, ಬೇಯುವ ಹುರುಳಿ: ಮೂರು ವಾಸನೆಗಳಲ್ಲಿ ಗೆಲ್ಲುತ್ತಿದ್ದುದು ಹುರುಳಿಯೇ. ಮೂವತ್ತಕ್ಕೆ ಬಂದವನು ಸೀದಾ ತೊಂಬತ್ತಕ್ಕೆ ಹಾರುತ್ತಿದ್ದೆ.

ವಾರವಿಡೀ ತಪ್ಪದೆ ಕೂತರೆ ಒಂದಾಣೆ ಸಿಗುತ್ತಿತ್ತು. ನಯಾಪೈಸೆ ಬಂದು ಹತ್ತು ವರ್ಷವಾಗಿದ್ದರೂ ಅಜ್ಜಿಯ ಲೆಕ್ಕ ಆಣೆಯಲ್ಲೇ. ಕೈಗೆ ಬರುತ್ತಿದ್ದುದು ಆರು ಮೂಲೆಯ ಮೂರು ಪೈಸೆ ಬಿಲ್ಲೆ ಎರಡು. ಅಷ್ಟಕ್ಕೆ ಎರಡು ಕಡಲೆಉಂಡೆ. ನನ್ನ ಭಕ್ತಿಯ ಅಳತೆ ಅದು.

ಒಂದು ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟ ಪರುಸೆ ನಮ್ಮ ರಸ್ತೆಯಲ್ಲೇ ಬಂತು. ಕಂಸಾಳೆಯ ಸದ್ದು, 'ಉಘೇ ಉಘೇ' ಕೂಗು ಕೇಳಿದ್ದೇ ತಡ, ಲಿಂಗ ಅಂಗೈಯಲ್ಲಿರುವಂತೆಯೇ ಜಗುಲಿ ದಾಟಿ ಬೀದಿಗೆ ಓಡಿದ್ದೆ. ದೇವರಗುಡ್ಡನೊಬ್ಬ ನನ್ನ ಕೈ ನೋಡಿ, ಯಾವುದೋ ದೊಡ್ಡ ಶರಣನ ಮಗು ಅಂದುಕೊಂಡು ಕೈ ಮುಗಿದ. ನಾನೂ ಗಂಭೀರವಾಗಿ ನಿಂತೆ. ಅಜ್ಜಿ ಬಂದು ಕಿವಿ ಹಿಡಿದು ಎಳೆದುಕೊಂಡು ಹೋದಳು. ಆ ವಾರದ ಒಂದಾಣೆ ಹೋಯಿತು.

ಈಗ ಬೆಂಗಳೂರಿನ ಮೊಮ್ಮಗಳಿಗೆ ಏಳು ವರ್ಷ. ಅವಳಮ್ಮ ಮಂಚದ ಪಕ್ಕ ಮ್ಯಾಟು ಹಾಸಿ ಮೊಬೈಲ್ ಇಡುತ್ತಾಳೆ. ಅದರೊಳಗಿಂದ ಯಾರೋ ಮೆತ್ತಗೆ ಉಸಿರು ಎಳೆದುಕೋ, ಬಿಡು ಅನ್ನುತ್ತಾರೆ. ಹತ್ತು ನಿಮಿಷಕ್ಕೆ ಗಂಟೆ. 2024ರಿಂದ ಡಿಸೆಂಬರ್ 21 ವಿಶ್ವ ಧ್ಯಾನ ದಿನವೂ ಆಗಿದೆಯಲ್ಲ. ನಮಗೆ ಕಣ್ಣು ಮುಚ್ಚಿದರೆ ಬೈಗುಳ, ಇವಳಿಗೆ ಕಣ್ಣು ಬಿಟ್ಟರೆ. ಇರಲಿ, ಕೂತರೆ ಸರಿ. ಮೊನ್ನೆ ಇಣುಕಿದಾಗ ಒಂದು ಕಣ್ಣು ತೆರೆದು, ಇನ್ನೆಷ್ಟು ನಿಮಿಷ ಉಳಿದಿದೆ ಅಂತ ನೋಡುತ್ತಿದ್ದಳು.

ನನಗೆ ಏಕಾಗ್ರತೆ ಬರಲಿಲ್ಲ, ಕೂತಲ್ಲಿ ಕೂರುವುದು ಬಂತು. ಬ್ಯಾಂಕಿನ ಸಾಲಿನಲ್ಲಿ ಅದು ಕೆಲಸಕ್ಕೆ ಬಂದಿದೆ. ನಮ್ಮೂರು ಕೌದಳ್ಳಿಯ ಆ ನಡುಮನೆಗೆ ಈಗ ಟೈಲ್ಸ್. ಅಜ್ಜಿಯ ಮಣೆ ಅಟ್ಟದ ಮೇಲಿದೆ, ಒಂದು ಕಾಲು ಮುರಿದಿದೆ.