ಜಗಲಿಗೆ ಬಂದ ಝಡ್ ಡ್ರೈವ್

ಆ ವರ್ಷ ಯುಗಾದಿ ಬಂದದ್ದು 2020ರ ಮಾರ್ಚ್ 25ಕ್ಕೆ. ಹಿಂದಿನ ದಿನ ರಾತ್ರಿ ಎಂಟಕ್ಕೆ ಪ್ರಧಾನಿ ಟೀವಿಗೆ ಬಂದು, ನಡುರಾತ್ರಿಯಿಂದ ಇಡೀ ದೇಶ ಬಂದ್ ಅಂದರಲ್ಲ, ಅಷ್ಟು ಹೊತ್ತಿಗೆ ನಮ್ಮ ಅಕೌಂಟ್ಸ್ ಮೇಡಂ ಹಬ್ಬಕ್ಕೆಂದು ತೀರ್ಥಹಳ್ಳಿ ಕಡೆಯ ತವರುಮನೆ ಸೇರಿಯಾಗಿತ್ತು. ಆಫೀಸಿನ ಲ್ಯಾಪ್‌ಟಾಪ್ ಜೊತೆಗಿತ್ತು. ಸಂಬಳದ ಫೈಲುಗಳು ಮಾತ್ರ ಬೆಂಗಳೂರಿನ ಸರ್ವರಿನಲ್ಲಿ, ನಾವೆಲ್ಲ ಝಡ್ ಡ್ರೈವ್ ಅನ್ನುತ್ತಿದ್ದ ಜಾಗದಲ್ಲಿ.

ತಿಂಗಳ ಕೊನೆ ಬೇರೆ. ಗೋಡೌನಿನಲ್ಲಿ ಲೋಡಿಂಗ್ ಮಾಡುವವರಿಗೆ, ಸೆಕ್ಯೂರಿಟಿಯವರಿಗೆ ಆ ಸಲ ಸಂಬಳ ತಡವಾದರೆ ಮನೆ ನಡೆಯುವುದಿಲ್ಲ ಅನ್ನುವುದು ಮೇಡಂಗೂ ಗೊತ್ತು, ಸಿಸ್ಟಮ್ಸ್ ನೋಡಿಕೊಳ್ಳುತ್ತಿದ್ದ ನನಗೂ ಗೊತ್ತು. “ಝಡ್ ಮೇಲೆ ಕೆಂಪು ಇಂಟು ಮಾರ್ಕ್ ಬರ್ತಿದೆ, ಏನಾದ್ರೂ ಮಾಡಪ್ಪ” ಅಂತ ಫೋನು ಬಂತು.

ಆಫೀಸಿನಲ್ಲಾದರೆ ಲಾಗಿನ್ ಆಗುವಾಗಲೇ ಒಂದು ಸ್ಕ್ರಿಪ್ಟ್ ಓಡಿ ಡ್ರೈವ್ ಜೋಡಿಸಿಬಿಡುತ್ತದೆ. ಮನೆಯಲ್ಲಿ ಲಾಗಿನ್ ಮೊದಲು, ಆಫೀಸಿನ ನೆಟ್‌ವರ್ಕಿಗೆ ದಾರಿ ತೆರೆಯುವ ವಿಪಿಎನ್ ಆಮೇಲೆ. ಸ್ಕ್ರಿಪ್ಟ್ ಓಡುವ ಹೊತ್ತಿಗೆ ದಾರಿಯೇ ತೆರೆದಿರುವುದಿಲ್ಲ. ಸರಿ, ವಿಪಿಎನ್ ಹಾಕಿಸಿ, ಕಮಾಂಡ್ ಪ್ರಾಂಪ್ಟ್ ತೆರೆಸಿ, ‘ನೆಟ್ ಯೂಸ್’ ಟೈಪ್ ಮಾಡಿಸಿದೆ. “ಎಂಟರ್ ಕೀ ಮೇಲೆ ಹಿಂದಕ್ಕೆ ವಾಲಿದ ಗೆರೆ ಇದೆ ನೋಡಿ ಮೇಡಂ, ಅದನ್ನ ಎರಡು ಸಲ ಒತ್ತಿ, ಆಮೇಲೆ ಸರ್ವರ್ ಹೆಸರು.” ಬಂದದ್ದು ಸಿಸ್ಟಮ್ ಎರರ್ 53, ಅಂದರೆ ದಾರಿ ಸಿಗಲಿಲ್ಲ ಅಂತ. ಹೆಸರು ಬಿಟ್ಟು ಸರ್ವರಿನ ನಂಬರು 192.168.1.10 ಕೊಟ್ಟರೂ ಅದೇ 53. ವಿಪಿಎನ್ ನೋಡಿದರೆ ಕನೆಕ್ಟೆಡ್ ಅಂತಲೇ ತೋರಿಸುತ್ತಿತ್ತು.

ಸರ್ವರಿನ 445ನೇ ಪೋರ್ಟನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದುಬಿಡೋಣ ಅಂತ ಸಲಹೆ ಬಂತು. ನಾನು ಒಪ್ಪಲಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಊರೂರ ಕಂಪ್ಯೂಟರುಗಳಿಗೆ ನುಗ್ಗಿದ್ದು ಅದೇ ಪೋರ್ಟಿನಿಂದ. ಸಂಬಳದ ಲೆಕ್ಕವಿರುವ ಸರ್ವರನ್ನು ಹಾಗೆ ಬಯಲಿಗಿಡುವ ಮಾತೇ ಇಲ್ಲ.

‘ಐಪಿಕಾನ್ಫಿಗ್’ ಹೊಡೆದು ಬಂದದ್ದನ್ನೆಲ್ಲ ಓದಿ ಅಂದೆ. ಮೇಡಂ ವೋಚರ್ ಓದುವಷ್ಟೇ ನಿಧಾನವಾಗಿ ಓದಿದರು. ಅವರ ವೈಫೈ ವಿಳಾಸ 192.168.1.6. ಅಲ್ಲಿ ಗಂಟು ಸಿಕ್ಕಿತು. 192.168ರಿಂದ ಶುರುವಾಗುವ ನಂಬರುಗಳನ್ನು ಯಾರು ಬೇಕಾದರೂ ತಮ್ಮ ಒಳಗಿನ ಬಳಕೆಗೆ ಇಟ್ಟುಕೊಳ್ಳಬಹುದು. ಹಾಗಾಗಿ ಆ ಮನೆಯ ರೂಟರೂ ನಮ್ಮ ಆಫೀಸೂ ಒಂದೇ ಸರಣಿ ಹಿಡಿದಿದ್ದವು. ಊರೂರಿಗೂ ಒಂದು ರಥಬೀದಿ ಇರುತ್ತದಲ್ಲ, ಶೃಂಗೇರಿಯಲ್ಲಿ ನಿಂತು ರಥಬೀದಿ ಎಲ್ಲಿ ಅಂದರೆ ಉಡುಪಿಯದನ್ನು ಯಾರು ತೋರಿಸುತ್ತಾರೆ? ಲ್ಯಾಪ್‌ಟಾಪ್ ಬೆಂಗಳೂರಿನ ಸರ್ವರನ್ನು ತೀರ್ಥಹಳ್ಳಿಯ ಮನೆಯೊಳಗೇ ಹುಡುಕುತ್ತಿತ್ತು.

ಮನೆಯ ರೂಟರಿನ ನಂಬರು ಬದಲಿಸಬೇಕಿತ್ತು. ಮೇಡಂ ಅಣ್ಣನ ಮಗ ಸೆಕೆಂಡ್ ಪಿಯು ಹುಡುಗ, 23ಕ್ಕೆ ಇದ್ದ ಇಂಗ್ಲಿಷ್ ಪರೀಕ್ಷೆ ಮುಂದಕ್ಕೆ ಹೋಗಿ ಮನೆಯಲ್ಲೇ ಇದ್ದ. ಜಗಲಿಯ ಗೂಡಿನಲ್ಲಿದ್ದ ರೂಟರನ್ನು ಮಗುಚಿ, ಟಾರ್ಚ್ ಹಿಡಿದು, ಚೀಟಿಯ ಮೇಲಿನ ಪಾಸ್‌ವರ್ಡ್ ಓದಿದ. ರೂಟರಿನ ಸೆಟ್ಟಿಂಗ್ಸಿನಲ್ಲಿ ವಿಳಾಸದ ಮೂರನೆಯ ಸಂಖ್ಯೆ 1 ತೆಗೆದು 77 ಹಾಕಿ ಸೇವ್ ಒತ್ತಿದ ಕೂಡಲೇ ನೆಟ್ ಹೋಯಿತು. ನಾವು ಮಾತಾಡುತ್ತಿದ್ದದ್ದು ಲ್ಯಾಂಡ್‌ಲೈನಿನಲ್ಲಿ, ಅದು ಕಡಿಯಲಿಲ್ಲ. ಸ್ವಲ್ಪ ಹೊತ್ತಿಗೆ “ಅತ್ತೆ, ಲೈಟ್ ಬಂತು!” ಅಂದದ್ದು ನನಗೂ ಕೇಳಿಸಿತು.

ಮತ್ತೆ ವಿಪಿಎನ್, ಮತ್ತೆ ನೆಟ್ ಯೂಸ್. ಈ ಸಲ 53 ಬರಲಿಲ್ಲ, ಯೂಸರ್‌ನೇಮ್ ಕೇಳಿತು. ಕಂಪನಿಯ ಡೊಮೇನ್ ಹೆಸರು ಮುಂದೆ ಸೇರಿಸಿ ಕೊಟ್ಟರು. ಝಡ್ ತೆರೆದುಕೊಂಡಿತು. “ಮಾರ್ಚ್ ಅಟೆಂಡೆನ್ಸ್ ಇದೆ, ಪಿಎಫ್ ಶೀಟ್ ಇದೆ” ಅಂತ ಮೇಡಂ ಒಂದೊಂದೇ ಹೆಸರು ಹೇಳಿಕೊಂಡರು. “ಲೋಡಿಂಗ್‌ನವರದ್ದು ಮೊದಲು ಕಳಿಸ್ತೀನಪ್ಪ, ನಮ್ಮದು ನಾಳೆ ನೋಡೋಣ” ಅಂದರು.

ಬಂದ್ ನಡುವೆ ಓಡಾಡಲು ಪಾಸ್ ಸಿಕ್ಕ ಮೇಲೆ ಆಫೀಸಿಗೆ ಹೋಗಿ ಅಲ್ಲಿನ ಸರಣಿಯನ್ನೇ 10ರಿಂದ ಶುರುವಾಗುವಂತೆ ಬದಲಿಸಿದೆ. ಊರಿನಲ್ಲಿ ಉಳಿದಿದ್ದ ಮಿಕ್ಕವರ್ಯಾರೂ ರೂಟರ್ ಮಗುಚಬೇಕಾಗಲಿಲ್ಲ.