ನನ್ನ ಮಲಯಾಳ ಗುರುಗಳ ನೆನಪು



ಅಷ್ಟಾವರಣಗಳಲ್ಲಿ ಗುರುವಿಗೆ ಮೊದಲ ಸ್ಥಾನ. ದೀಕ್ಷೆಯನ್ನಿತ್ತ ಗುರುವನ್ನು ನಾವು ನಿತ್ಯವೂ ಸ್ಮರಿಸುತ್ತೇವೆ. ಅಕ್ಷರವನ್ನಿತ್ತ ಗುರುಗಳನ್ನು ಎಷ್ಟು ಮಂದಿ ನೆನೆಯುತ್ತೇವೆ? ನನ್ನ ಅಂತಹ ಗುರುಗಳಲ್ಲಿ ಇಬ್ಬರು ಕನ್ನಡಿಗರಲ್ಲ, ಮಲಯಾಳಿಗಳು. ಅವರನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ಬಹುದಿನಗಳ ಹಂಬಲ.

ನಮ್ಮ ತಂದೆಯವರು ರೈಲ್ವೆ ನೌಕರರು. 1974ರಲ್ಲಿ ಅವರಿಗೆ ಅರಸೀಕೆರೆಯಿಂದ ಪಾಲಕ್ಕಾಡಿನ ಬಳಿಯ ಒಲವಕ್ಕೋಡಿಗೆ ವರ್ಗವಾಯಿತು. ಸಹ್ಯಾದ್ರಿಯ ಸಾಲು ತೆರೆದುಕೊಂಡಿರುವ ಕಣಿವೆಯಲ್ಲಿ ಸದಾ ಗಾಳಿ ಬೀಸುವ ಸೀಮೆಯದು. ಗದ್ದೆಯ ಬದುಗಳಲ್ಲಿ ತಾಳೆಮರಗಳು, ಪಾಲಕ್ಕಾಡು ಪಟ್ಟಣದಲ್ಲಿ 1766ರಲ್ಲಿ ಹೈದರಾಲಿ ಕಟ್ಟಿಸಿದ ಕೋಟೆ. ಐದನೆಯ ತರಗತಿಗೆ ಸೇರಿದ ನನಗೆ ಇವಾವುವೂ ಕಣ್ಣಿಗೆ ಬೀಳಲಿಲ್ಲ. ಶಾಲೆಯಲ್ಲಿ ಕನ್ನಡವಿರಲಿಲ್ಲ, ಮಲಯಾಳವನ್ನೇ ಕಲಿಯಬೇಕಾಗಿತ್ತು. ಊರಿನಲ್ಲಿ ತರಗತಿಗೆ ಮೊದಲಿಗನಾಗಿದ್ದವನು ಅಲ್ಲಿ ಒಂದಕ್ಷರವೂ ಬಾರದ ದಡ್ಡನಾದೆ.

ಮಲಯಾಳ ಕಲಿಸುತ್ತಿದ್ದವರು ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು. ಅಲ್ಲಿ ಉಪಾಧ್ಯಾಯರನ್ನು ‘ಮಾಷ್’ ಎನ್ನುವುದು ರೂಢಿ. ಕೇರಳ ಸರ್ಕಾರವು 1971ರಲ್ಲಿ ಲಿಪಿಯನ್ನು ಸರಳಗೊಳಿಸಿತ್ತು. ಪಠ್ಯದಲ್ಲಿ ಬಿಡಿಬಿಡಿಯಾದ ಹೊಸ ರೂಪ, ಮಾಷ್ ಅವರ ಕೈಬರಹದಲ್ಲಿ ಹೆಣೆದುಕೊಂಡ ಹಳೆಯ ರೂಪ. ಎರಡರ ನಡುವೆ ನಾನು ಕಂಗಾಲಾದೆ. ಮಾಷ್ ಗದರಿಸಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು, “ಮೋನೇ, ದಿನಕ್ಕೊಂದು ಅಕ್ಷರ ನಾನು ಕೊಡುತ್ತೇನೆ, ಒಂದು ಅಕ್ಷರ ನೀನು ಕೊಡು” ಎಂದರು. ಮೋನೇ ಎಂದರೆ ಮಗನೇ ಎಂದು. ಅಂದಿನಿಂದ ಅವರ ನೋಟುಪುಸ್ತಕದಲ್ಲಿ ನಾನು ಕನ್ನಡದ ಅಕ್ಷರ ಬರೆಯುವುದು, ನನ್ನದರಲ್ಲಿ ಅವರು ಮಲಯಾಳದ ಅಕ್ಷರ ಬರೆಯುವುದು ನಿಯಮವಾಯಿತು.

ಎಲ್ಲವೂ ಬಂದವು, ಒಂದು ಮಾತ್ರ ಬರಲಿಲ್ಲ. ನಾಲಗೆಯನ್ನು ಹಿಂದಕ್ಕೆ ಮಡಿಸಿ, ಅಂಗುಳಕ್ಕೆ ತಾಗಿಸದೆ ನುಡಿಯಬೇಕಾದ ಅಕ್ಷರವದು. ನಾನು ಪ್ರತಿಸಲವೂ ‘ಳ’ ಎನ್ನುತ್ತಿದ್ದೆ, ತರಗತಿಯೆಲ್ಲ ನಗುತ್ತಿತ್ತು. ಮಾಷ್ ಹೇಳಿದರು: “ನಿಮ್ಮ ಮಳೆ, ಕೋಳಿ, ಏಳು, ಬಾಳೆ ಎಲ್ಲದರಲ್ಲಿಯೂ ನಮ್ಮಲ್ಲಿ ಈ ಅಕ್ಷರವಿದೆ. ನಿಮ್ಮ ಹಿರಿಯರಿಗೂ ಇದು ಬರುತ್ತಿದ್ದಿರಬೇಕು. ಇದು ಪರರದೆಂದು ಅಂಜಬೇಡ.” ಮುಂದೆ ಕಾಲೇಜಿನಲ್ಲಿ ಹಳಗನ್ನಡ ಓದುವಾಗ ‘ೞ’ ಎಂಬ ಅಕ್ಷರವನ್ನು ಕಂಡು ಬೆರಗಾದೆ. ಕನ್ನಡಿಗರ ನಾಲಗೆಯಿಂದ ಅದು ಜಾರಿಹೋಗಿ, 13ನೆಯ ಶತಮಾನದ ಕೇಶಿರಾಜನು ಅದುಳ್ಳ ಪದಗಳನ್ನು ‘ಶಬ್ದಮಣಿದರ್ಪಣ’ದಲ್ಲಿ ಪಟ್ಟಿಮಾಡಬೇಕಾಯಿತು. ಮಾಷ್ ಅವರ ಊಹೆ ನಿಜವಾಗಿತ್ತು. ನನ್ನ ನುಡಿಯೇ ಕಳೆದುಕೊಂಡದ್ದನ್ನು ಅವರು ನನಗೆ ಮರಳಿ ಕೊಟ್ಟಿದ್ದರು.

ಇನ್ನೊಬ್ಬರು ಎಂಟನೆಯ ತರಗತಿಯ ಟೀಚರ್. ಪೂಂದಾನಂ ಕವಿಯ ‘ಜ್ಞಾನಪ್ಪಾನ’ವನ್ನು ಕಲಿಸುವಾಗ ಅವರೊಂದು ಐತಿಹ್ಯವನ್ನು ಹೇಳಿದರು. ಸಂಸ್ಕೃತದಲ್ಲಿ ‘ನಾರಾಯಣೀಯಂ’ ರಚಿಸಿದ ಮಹಾಪಂಡಿತ ಮೇಲ್ಪತ್ತೂರ್ ನಾರಾಯಣ ಭಟ್ಟತಿರಿಗಳು, ಆಡುನುಡಿಯ ಕೃತಿಯೆಂದು ಪೂಂದಾನಂ ಬರೆದುದನ್ನು ತಿದ್ದಿಕೊಡಲು ನಿರಾಕರಿಸಿದರಂತೆ. ಆಗ ಗುರುವಾಯೂರಪ್ಪನು, ತನಗೆ ಭಟ್ಟತಿರಿಯ ವಿಭಕ್ತಿಗಿಂತ ಪೂಂದಾನಂನ ಭಕ್ತಿಯೇ ಪ್ರಿಯವೆಂದು ತಿಳಿಸಿದನಂತೆ. ವ್ಯಾಕರಣಕ್ಕಿಂತ ಅಂತಃಕರಣ ದೊಡ್ಡದೆಂಬ ಈ ಮಾತನ್ನು ಕೇಳಿದಾಗ, ಮನೆಯಲ್ಲಿ ಅಜ್ಜಿ ಬಾಯಿಪಾಠ ಮಾಡಿಸಿದ್ದ ವಚನಗಳು ನೆನಪಾದವು. ಶರಣರೂ ತಾಯ್ನುಡಿಯನ್ನೇ ನಂಬಿದವರಲ್ಲವೇ? ಪರನಾಡಿನ ತರಗತಿಯಲ್ಲಿ ಕುಳಿತು ನಾನು ಶರಣರನ್ನು ಮೊದಲ ಬಾರಿಗೆ ಅರ್ಥಮಾಡಿಕೊಂಡೆ.

ಈಗ ಹೇಳಬೇಕಾದದ್ದು ನನ್ನ ತಪ್ಪು. ನಾನು ಆರನೆಯ ತರಗತಿಯಲ್ಲಿದ್ದಾಗ ಮಾಷ್ ಕನ್ನಡವನ್ನು ಕೂಡಿಸಿ ಓದುವಷ್ಟಾಗಿದ್ದರು. ನಾನು ಬರೆದುಕೊಟ್ಟ ವಚನವೊಂದನ್ನು ಪ್ರೀತಿಯಿಂದ ಓದುತ್ತಿದ್ದರು. ಆದರೆ ಮಲಯಾಳಿಗಳ ನಾಲಗೆಯಲ್ಲಿ ‘ಜನ’ವು ‘ಜೆನ’ವಾಗುವಂತೆ, ‘ದಯೆ’ಯು ‘ದೆಯೆ’ಯಾಗುತ್ತಿತ್ತು, ಬಸವಣ್ಣನವರು ‘ಬೆಸವಣ್ಣ’ನಾಗುತ್ತಿದ್ದರು. ಒಂದು ದಿನ ಗೆಳೆಯರನ್ನು ನಗಿಸುವುದಕ್ಕಾಗಿ ನಾನು ಅವರ ದನಿಯನ್ನೇ ಅನುಕರಿಸಿ ‘ಬೆಸವಣ್ಣ, ಬೆಸವಣ್ಣ’ ಎಂದು ಕುಣಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಮಾಷ್ ನಿಂತಿದ್ದರು. ಏನೂ ಹೇಳದೆ ಹೊರಟುಹೋದರು.

ಮರುದಿನ ಬೆತ್ತದ ಏಟನ್ನು ನಿರೀಕ್ಷಿಸಿ ಕುಳಿತಿದ್ದೆ. ಮಾಷ್ ಇಡೀ ತರಗತಿಯ ಮುಂದೆ ನನ್ನ ಬಳಿ ಬಂದು, “ಮೋನೇ, ಆ ಮಹಾತ್ಮರ ಹೆಸರನ್ನು ತಪ್ಪಾಗಿ ಹೇಳಬಾರದು. ನನಗೆ ಸರಿಯಾಗಿ ಹೇಳಿಕೊಡು” ಎಂದರು. ನಾನು ತಲೆತಗ್ಗಿಸಿ ಹೇಳಿದೆ. ಅವರು ಹೇಳಿದರು, ತಪ್ಪಿದರು, ಮತ್ತೆ ಹೇಳಿದರು. ಐದಾರು ಸಲದ ಮೇಲೆ ‘ಬಸವಣ್ಣ’ ಎಂದು ಸ್ಪಷ್ಟವಾಗಿ ಬಂದಾಗ ಅವರ ಮುಖದಲ್ಲಿ ಮಗುವಿನ ಹಿಗ್ಗಿತ್ತು. ತರಗತಿಯಲ್ಲಿ ಯಾರೂ ನಗಲಿಲ್ಲ. ನನ್ನ ಉಚ್ಚಾರಣೆಗೂ ಅಂದಿನಿಂದ ಯಾರೂ ನಗಲಿಲ್ಲ.

ಕ್ಷಮಿಸಿ ಎಂದು ನಾನು ಕೇಳಲಿಲ್ಲ. ನಾಚಿಕೆ ಬಿಡಲಿಲ್ಲ. ಆ ವರ್ಷವೇ ಅವರು ನಿವೃತ್ತರಾದರು; 1979ರಲ್ಲಿ ನಾವೂ ಊರಿಗೆ ಮರಳಿದೆವು. ಪತ್ರ ಬರೆಯಬೇಕೆಂದುಕೊಂಡೆ, ಬರೆಯಲಿಲ್ಲ. 1998ರಲ್ಲಿ ಹುಡುಕಿಕೊಂಡು ಹೋದಾಗ ಅವರು ತೀರಿಕೊಂಡು ಎರಡು ವರ್ಷಗಳಾಗಿದ್ದವು.

ವಿನಯದ ವಿಷಯವಾಗಿ ನಾನು ಎಷ್ಟೋ ಪ್ರವಚನಗಳನ್ನು ಕೇಳಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಆ ಒಂದು ದಿನ. ಶಿಷ್ಯನ ಮುಂದೆ ಶಿಷ್ಯನಾಗಿ ನಿಲ್ಲಬಲ್ಲವರೇ ಗುರು. ನಮ್ಮ ಮಠಕ್ಕೆ ಬರುವ ಅನ್ಯಭಾಷಿಕರು ತೊದಲುತ್ತ ಕನ್ನಡ ನುಡಿದಾಗ, ಬಂಧುಗಳೇ, ನಗಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಅಕ್ಷರವನ್ನು ಕೊಡಿ, ಅವರಿಂದಲೂ ಒಂದನ್ನು ಪಡೆಯಿರಿ. ಮಾಷ್ ಅವರಲ್ಲಿ ಕೇಳದೆ ಉಳಿದ ಕ್ಷಮೆಯನ್ನು ನಾನು ಹೀಗೆಯೇ ತೀರಿಸುತ್ತಿದ್ದೇನೆ.