ಸಾಲಿನಲ್ಲಿ ನಿಂತ ಬಕೆಟ್ಟು

ತಂಗಿಯ ಮಗಳನ್ನು ನಾಸಿಕದ ಹಾಸ್ಟೆಲಿಗೆ ಬಿಟ್ಟು ಬರುವ ಕೆಲಸ ನನ್ನ ಪಾಲಿಗೆ ಬಂತು. ವಿಜಯಪುರದಿಂದ ಹೊರಡುವ ಹೊತ್ತಿಗೆ ತಂಗಿ ಕಟ್ಟಿಟ್ಟ ಗಂಟುಗಳು ಪಡಸಾಲೆ ತುಂಬಿದ್ದವು: ಕಟಕ ರೊಟ್ಟಿಯ ಡಬ್ಬಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಗಾದಿ, ಅಜ್ಜಿ ಹೊಲಿದ ಕೌದಿ. ಅವುಗಳ ಪಕ್ಕ ನಾನೊಂದು ಹೊಸ ಬಕೆಟ್ಟು ತಂದಿಟ್ಟೆ.

"ಮಾಮಾ, ಅಲ್ಲಿ ಗೀಸರ್, ಶವರ್ ಎಲ್ಲಾ ಅದಾವಂತ. ಬಕೆಟ್ ಯಾಕ?" ಹುಡುಗಿ ನಕ್ಕಳು.

"ಇರ್ಲಿ ತಗೋ. ಓದಾಕ ಪುಸ್ತಕ, ಹಾಸ್ಟೆಲಿನ್ಯಾಗ ಬಾಳೇ ಮಾಡಾಕ ಬಕೆಟ್."

ಇದು ಅನುಭವದ ಮಾತು. ಮೂವತ್ತು ವರ್ಷಗಳ ಹಿಂದೆ, ಇಂದಿನ ಛತ್ರಪತಿ ಸಂಭಾಜಿನಗರ ಇನ್ನೂ ಔರಂಗಾಬಾದ್ ಆಗಿದ್ದಾಗ, ಅಲ್ಲಿಯ ಹಾಸ್ಟೆಲೊಂದರಲ್ಲಿ ಎರಡು ವರ್ಷ ಕಳೆದವನು ನಾನು. ಅಂಗಳಕ್ಕೊಂದೇ ನಳ. ಬೆಳಗಿನ ಐದಕ್ಕೆ ಬಂದ ನೀರು ಆರಕ್ಕೆ ಹೋಗುತ್ತಿತ್ತು. ಹೀಗಾಗಿ ರಾತ್ರಿಯೇ ಬಕೆಟ್ಟುಗಳ ಪಾಳಿ ಹಚ್ಚುತ್ತಿದ್ದೆವು. ನಾವು ಮಲಗಿದರೂ ಅವು ಎಚ್ಚರ. ಬೀಡ, ಪರಭಣಿ, ಲಾತೂರು, ನಾಂದೇಡಗಳ ಹುಡುಗರ ನಡುವೆ ನಾನೊಬ್ಬನೇ 'ಕಾನಡಿ'. ನನ್ನ ಮರಾಠಿ ಮೂರನೆಯ ಶಬ್ದಕ್ಕೇ ಮುಗ್ಗರಿಸುತ್ತಿತ್ತು. ನನಗಿಂತ ಮೊದಲು ಆ ಊರಿಗೆ ಒಗ್ಗಿಕೊಂಡದ್ದು ನನ್ನ ಬಕೆಟ್ಟೇ.

ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡುವ ಹೋರಾಟ ಮರಾಠವಾಡಾವನ್ನೇ ಎರಡಾಗಿ ಸೀಳಿದ್ದ ದಿನಗಳವು. 1994ರ ಜನವರಿ 14ರಂದು ಹೆಸರು ಬರುವವರೆಗೆ, ಬಂದ ಮೇಲೂ, ಹಾಸ್ಟೆಲಿನ ಒಂದೊಂದು ರೂಮಿನಲ್ಲಿ ಒಂದೊಂದು ವಾದ. ರಾತ್ರಿ ಮುಖ ನೋಡದೆ ಮಲಗಿದವರ ಬಕೆಟ್ಟುಗಳು ಬೆಳಿಗ್ಗೆ ಒಂದನ್ನೊಂದು ತಾಕಿಕೊಂಡು ನಿಂತಿರುತ್ತಿದ್ದವು. ಅವುಗಳಿಗೆ ಅಡ್ಡಹೆಸರಿಲ್ಲ. ತಳದಲ್ಲಿ ಬಣ್ಣದಿಂದ ಬರೆದ ರೂಮ್ ನಂಬರು ಮಾತ್ರ.

ಹದಿನೇಳನೆಯ ನಂಬರಿನವನೊಂದಿಗೆ ನನಗೆ ಪಾಳಿಯ ವಿಷಯಕ್ಕೇ ಜಗಳವಾಗಿ ಮಾತು ನಿಂತಿತ್ತು. ಅದೇ ವಾರ ಜ್ವರ ಬಂದು ನಾನು ಬಕೆಟ್ಟು ಇಡಲಾಗಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ತುಂಬಿದ ಬಕೆಟ್ಟು. ನೀರು ಬಳಸಿ ಬೋರಲು ಹಾಕಿ ನೋಡಿದೆ: 17. ಕೃತಜ್ಞತೆ ಹೇಳಲು ಹೋದರೆ ಅವನು ಪುಸ್ತಕದಿಂದ ತಲೆಯೆತ್ತದೆ, "ನೀನು ಸ್ನಾನ ಮಾಡದಿದ್ದರೆ ವಾಸನೆ ಕುಡಿಯುವವರು ನಾವು" ಎಂದ. ನಮ್ಮ ಗೆಳೆತನ ಶುರುವಾದದ್ದು ಹೀಗೆ.

ನಾಸಿಕದ ಸ್ವಾಗತ ಸಭೆಯಲ್ಲಿ ವಾರ್ಡನ್ ಬಾಯಿ ಮಕ್ಕಳಿಗೆ "ಇಲ್ಲೊಂದು ಸಮುದಾಯ ಕಟ್ಟಿ" ಎಂದರು. ಕನ್ನಡ ಪತ್ರಿಕೆ ಓದುವ ನನ್ನ ಕಿವಿ ನಿಮಿರಿತು. ನಮ್ಮಲ್ಲಿ ಸಮುದಾಯವೆಂದರೆ ಜಾತಿಯ ಮರ್ಯಾದೆಯ ಹೆಸರು. ಯೋಚಿಸಿದರೆ, ಈ ನಾಡಿನ ಹಾಸ್ಟೆಲುಗಳು ಹುಟ್ಟಿದ್ದೂ ಆ ಅರ್ಥದಲ್ಲಿಯೇ. ಕೊಲ್ಹಾಪುರದ ಶಾಹೂ ಮಹಾರಾಜರು 1901ರಲ್ಲಿ ಮರಾಠಾ ಬೋರ್ಡಿಂಗ್ ತೆರೆದರು. ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ ಬೇರೆ ಬೇರೆ ಬೋರ್ಡಿಂಗುಗಳಾದವು. ಅದೇ ಗಾಳಿ ನಾಸಿಕಕ್ಕೂ ಬೀಸಿ 1914ರಲ್ಲಿ ಉದಾಜಿ ಮರಾಠಾ ಬೋರ್ಡಿಂಗ್ ಎದ್ದಿತು. ಇದನ್ನು ಕಂಡು ಮೂಗು ಮುರಿಯುವುದು ಸುಲಭ. ಆದರೆ ವಾರಾನ್ನದ ಎಲೆ ಎಲ್ಲ ಹುಡುಗರಿಗೂ ಹಾಸುತ್ತಿರಲಿಲ್ಲವಲ್ಲ! ಪರರ ಪಂಕ್ತಿಯಲ್ಲಿ ಜಾಗವಿಲ್ಲದವರು ತಮ್ಮದೇ ಒಲೆ ಹೂಡಿದರು. ಧಾರವಾಡದ ಮುರುಘಾಮಠದಲ್ಲೂ ಹಾಗೆ ಒಲೆ ಹೊತ್ತಿತು. ನಾವು ಅದಕ್ಕೆ 'ಪ್ರಸಾದ ನಿಲಯ' ಎಂದೆವು. ಮರಾಠಿಯವರ 'ವಸತಿಗೃಹ' ಮಲಗುವ ಜಾಗವನ್ನು ಹೇಳಿದರೆ, ನಮ್ಮ ಮಾತು ಮೊದಲು ಹೊಟ್ಟೆಯನ್ನು ನೆನೆಯಿತು.

ಮರಳುವಾಗ ಬೇಕೆಂದೇ ಸಂಭಾಜಿನಗರದ ಬಸ್ಸು ಹಿಡಿದೆ. ನಿಫಾಡದ ದ್ರಾಕ್ಷಿ ತೋಟಗಳು ಸರಿದು ಯೇವಲೆ ಬಂತು. ಹೆಂಗಸರಿಗೆ ಅದು ಪೈಠಣಿ ಸೀರೆಯ ಊರು. ನಾಸಿಕದ ಕಾಳಾರಾಮ ಗುಡಿಯ ಬಾಗಿಲು ವರ್ಷಗಳ ಸತ್ಯಾಗ್ರಹಕ್ಕೂ ತೆರೆಯದಾದಾಗ, ಹಿಂದೂವಾಗಿ ಸಾಯಲಾರೆನೆಂದು ಅಂಬೇಡ್ಕರ್ 1935ರಲ್ಲಿ ಸಾರಿದ್ದು ಈ ಯೇವಲೆಯಲ್ಲಿಯೇ. ಮುಂದೆ ಅದೇ ರಸ್ತೆಯ ಕೊನೆಯ ಊರಾದ ಔರಂಗಾಬಾದಿನಲ್ಲಿ 1950ರಲ್ಲಿ ಅವರು ಕಾಲೇಜು ತೆರೆಸಿದರು. ಅದಕ್ಕೆ ಮಿಲಿಂದ ಎಂದೂ, ಆವರಣಕ್ಕೆ ನಾಗಸೇನವನ ಎಂದೂ ಹೆಸರಾಯಿತು. ಒಬ್ಬ ಪ್ರಶ್ನೆ ಕೇಳಿದ ದೊರೆ, ಇನ್ನೊಬ್ಬ ಉತ್ತರ ಕೊಟ್ಟ ಭಿಕ್ಷು. 'ಅಸ್ಮಿತಾದರ್ಶ' ಪತ್ರಿಕೆಯಿಂದ ದಲಿತ ಸಾಹಿತ್ಯಕ್ಕೆ ನೆಲೆ ಕಟ್ಟಿದ ಗಂಗಾಧರ ಪಾನತಾವಣೆಯವರು ಅಲ್ಲಿ ಪಾಠ ಹೇಳಿದವರು. ಗುಡಿಯ ಬಾಗಿಲು ತೆರೆಯದಿದ್ದರೇನು, ವಾದಕ್ಕೆ ಕೂರುವ ಜಗಲಿಯೊಂದು ಸಿಕ್ಕಿತು.

ಬಸ್ಸಿನಲ್ಲಿ ಪಕ್ಕದವರು ನೀರಿನ ಮಾತು ತೆಗೆದರು. ಗೋದಾವರಿ ಹುಟ್ಟುವುದು ನಾಸಿಕದ ಬಳಿಯ ತ್ರ್ಯಂಬಕದಲ್ಲಿ. ಕುಡಿಯುವ ನೀರಿಗೆ ಸಂಭಾಜಿನಗರ ಬಾಯಿ ತೆರೆದು ಕಾಯುವುದು ಪೈಠಣದ ಜಾಯಕವಾಡಿ ಜಲಾಶಯವನ್ನು. ಮಳೆ ಕೈಕೊಟ್ಟ ವರ್ಷ ಮೇಲಿನ ಅಣೆಕಟ್ಟುಗಳಿಂದ ಕೆಳಗೆ ನೀರು ಬಿಡುವ ಮಾತೆತ್ತಿದರೆ ಸಾಕು, ಎರಡೂ ಊರುಗಳಲ್ಲಿ ಮೋರ್ಚಾ. ಕಾವೇರಿ ಕಂಡ ನಮಗೆ ಇದೇನು ಹೊಸತಲ್ಲ. ನನಗೆ ನಗು ಬಂತು: ಎರಡು ಜಿಲ್ಲೆಗಳು ಒಂದೇ ನಳದ ಮುಂದೆ ಬಕೆಟ್ಟು ಹಿಡಿದು ನಿಂತಿವೆ. ಮೇಲಿನವನ ಬಕೆಟ್ಟು ತುಂಬಿತೇ ಎಂಬುದಕ್ಕಿಂತ, ತುಂಬಿದ ಮೇಲೆ ಅವನು ಸರಿಯುತ್ತಾನೆಯೇ ಎಂಬುದು ಪ್ರಶ್ನೆ.

ಹಳೆಯ ಹಾಸ್ಟೆಲಿಗೂ ಹೋಗಿ ಬಂದೆ. ನಳವಿದ್ದ ಕಟ್ಟೆಯ ಮೇಲೆ ಬೈಕುಗಳು. ಮಾಳಿಗೆಯ ಮೇಲೆ ಕರಿಯ ಟ್ಯಾಂಕುಗಳ ಸಾಲು. ನೀರು ಈಗ ಮಹಡಿಗೇ ಏರುತ್ತದೆ. ಒಳ್ಳೆಯದೇ; ಆ ಚಳಿಯ ನಸುಕು ಯಾರಿಗೂ ಬೇಡ. ಆದರೆ ಜಗಲಿಯ ಮೇಲೆ ಐದಾರು ಹುಡುಗರು, ಕಿವಿಯಲ್ಲಿ ಬಿರಡೆ ಸಿಕ್ಕಿಸಿಕೊಂಡು, ಒಬ್ಬೊಬ್ಬರೇ ಕೂಡಿ ಕೂತಿದ್ದರು.

ಊರಿಗೆ ಬಂದ ನಾಲ್ಕನೆಯ ರಾತ್ರಿ ಹುಡುಗಿಯ ಫೋನು.

"ಮಾಮಾ, ಇವತ್ತ ಮೋಟಾರ್ ಸುಟ್ಟಿತ್ತು. ಕೆಳಗಿನ ಟಾಕಿಯಿಂದ ಹೊರಬೇಕಾತು. ಇಡೀ ಮಾಳಿಗಿಗೆ ನಂದೊಂದs ಬಕೆಟ್!"

"ಈಗೆಲ್ಲಿ ಅದ ಅದು?"

"ಯಾರ ರೂಮಿನ್ಯಾಗೋ ಏನೋ. ನನಗ ಇನ್ನೂ ಯಾರ ಹೆಸರೂ ಗೊತ್ತಿಲ್ಲ. ಹೋಗ್ಲಿ ಬಿಡು, ಹೊಸಾದು ತರ್ತೀನಿ."

"ತರಬ್ಯಾಡವಾ. ಅದನ್ನs ಹುಡುಕು. ಒಂದೊಂದs ಬಾಗಿಲಾ ಬಡ್ಕೋಂತ ಹೋಗು."